ಕೇತೇಗೌಡರ ಫ್ಲಾಸ್ಕು

ನಾನು ಒಂದು ಫ್ಲಾಸ್ಕು. ಹುಟ್ಟಿನಿಂದ ಶುರು ಮಾಡಬೇಕು. ಆದರೆ ನನಗೆ ಮೊದಲು ನೆನಪಾಗುವುದು ಒಂದು ಸಾವಿನ ಹನ್ನೆರಡನೆಯ ದಿನದ ಬೆಳಗ್ಗೆ.

ಹಿಂದಿನ ದಿನ ಶಿವಗಣಾರಾಧನೆ ಮುಗಿದಿತ್ತು. ನೆಂಟರು ಹೋಗಿದ್ದರು, ಬಾಡಿಗೆ ಪಾತ್ರೆಗಳೂ ಹೋಗಿದ್ದವು. ದಾಕ್ಷಾಯಿಣಿ ಎಂದಿನಂತೆ ಆರಕ್ಕೆ ಎದ್ದು, ಬಾಗಿಲ ಹೊರಗಿನ ಹಾಲಿನ ಪ್ಯಾಕೆಟ್ ತಂದು, ಪಾತ್ರೆಗೆ ಸುರಿದು, ಗ್ಯಾಸ್ ಹಚ್ಚಿದಳು. ನೀಲಿ ಉರಿ ಭಗ್ಗೆಂದಿತು. ಅವಳು ಅದನ್ನು ಸ್ವಲ್ಪ ಹೊತ್ತು ನೋಡಿ ಆರಿಸಿದಳು. ಹಾಲು ತಣ್ಣಗೇ ಉಳಿಯಿತು.

ಆಮೇಲೆ ಅಕ್ಕಿ ಡಬ್ಬದ ಹಿಂದೆ ಇದ್ದ ನನ್ನನ್ನು ಎತ್ತಿಕೊಂಡಳು. ನನ್ನ ಖಾಕಿ ಚೀಲದ ಒಂದು ಅಂಚು ಸುಟ್ಟಿತ್ತು. ಮುಚ್ಚಳ ತಿರುಗಿಸಿದಳು. ಒಳಗೆ ಹನ್ನೆರಡು ದಿನದ ಹಿಂದಿನ ಟೀ ಹುಳಿಯಾಗಿ ನಾರುತ್ತಿತ್ತು. ಅಲುಗಿಸಿದಳು. ಗಾಜಿನ ಚೂರು ಗಲಗಲ ಎಂದಿತು. ಚೀಲಕ್ಕೆ ಒಂದು ಜೇಬಿದೆ. ಅದರ ಗುಂಡಿಯ ಮೇಲೆ ಬೆರಳಿಟ್ಟಳು, ಬಿಚ್ಚಲಿಲ್ಲ.

ಜೇಬಿನಲ್ಲಿ ಒಂದು ಬೆಂಕಿಪೊಟ್ಟಣವಿತ್ತು. ಅದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಬೇರೆ ಯಾರಿಗೂ ಗೊತ್ತಿರಲಿಲ್ಲ.

ನಡುಮನೆಯಲ್ಲಿ ಅವಳ ಗಂಡನ ಫೋಟೋ, ಅದರ ಹಿಂದೆ ಸಿಕ್ಕಿಸಿದ ಒಂದು ಪೇಪರ್ ತುಣುಕು. ‘ಕಾಡು ಉಳಿಸಲು ಹೋಗಿ ಪ್ರಾಣ ತೆತ್ತ ಉಪನ್ಯಾಸಕ’ ಎಂದು ಮೇಲೆ ದಪ್ಪ ಅಕ್ಷರ. ಕೆಳಗೆ ಸಣ್ಣ ಅಕ್ಷರದಲ್ಲಿ ‘ಕಾವಲುಗಾರನ ಬೀಡಿ ಕಿಡಿಯಿಂದ ಬೆಂಕಿ: ಶಂಕೆ. ಕೆಲಸದಿಂದ ವಜಾ.’

ಆ ಕಾವಲುಗಾರ ಕೇತೇಗೌಡರು. ನಾನು ಅವರ ಫ್ಲಾಸ್ಕು.

ಈಗ ಹುಟ್ಟಿನ ಕಥೆ. ಯಾವುದೋ ಊರಿನ ಕಾರ್ಖಾನೆಯಲ್ಲಿ ಕೆಂಡದಂಥ ಗಾಜನ್ನು ಊದಿ ನನ್ನನ್ನು ಮಾಡಿದರು. ಒಂದರೊಳಗೊಂದು ಎರಡು ಗೋಡೆ. ನಡುವಿನ ಗಾಳಿಯನ್ನೆಲ್ಲ ಎಳೆದು ತೆಗೆದು ಮೂತಿ ಮುಚ್ಚಿದರು. ಒಳಮೈಗೆ ಕನ್ನಡಿಯಂತೆ ಬೆಳ್ಳಿಬಣ್ಣ, ಹೊರಗೆ ಹಸಿರು ತಗಡು. ನನ್ನ ಎರಡು ಗೋಡೆಗಳ ನಡುವೆ ಏನೂ ಇಲ್ಲ. ಆ ಏನೂ ಇಲ್ಲದ್ದೇ ಬಿಸಿಯನ್ನು ಕಾಯುತ್ತದೆ. ಇದು ಜನರಿಗೆ ಬೇಗ ಅರ್ಥವಾಗುವುದಿಲ್ಲ.

ಮೊದಲು ನನ್ನನ್ನು ಕೊಂಡವರು ನರ್ಸ್ ಫಿಲೋಮಿನಾ. ಬೆಟ್ಟದ ಹಾಡಿಗಳಿಗೆ, ಕಾಡಿನ ಪುಟ್ಟ ಕೇರಿಗಳಿಗೆ, ಹೆರಿಗೆ ಮಾಡಿಸಲು ಹೋಗುವಾಗ ಬಿಸಿನೀರು ತುಂಬಿಕೊಂಡು ಹೋಗುತ್ತಿದ್ದರು. ಒಂಬತ್ತು ವರ್ಷ ನಾನು ಕಂಡದ್ದೆಲ್ಲ ತಗ್ಗಿನ ಬಾಗಿಲು, ನರಳಾಟ, ಆಮೇಲೆ ಮಗುವಿನ ಅಳು. ಅವರಿಗೆ ವರ್ಗವಾದಾಗ ನನ್ನನ್ನು ಕೇತೇಗೌಡರ ಹೆಂಡತಿ ಮಾದಮ್ಮನ ಕೈಗಿಟ್ಟರು. ಕೊನೆಯದಾಗಿ ಅವರು ಹಿಡಿದ ಮಗು ಮಾದಮ್ಮನದೇ. ಗಂಡನ ಹಳೆಯ ಖಾಕಿ ಪ್ಯಾಂಟು ಹರಿದು ಮಾದಮ್ಮ ನನಗೆ ಚೀಲ ಹೊಲಿದಳು. ಪ್ಯಾಂಟಿನ ಜೇಬು ಹಾಗೇ ಉಳಿಯಿತು, ಗುಂಡಿಯ ಸಮೇತ.

ಕೇತೇಗೌಡರು ಬೆಂಕಿ ಕಾಯುವ ಕೆಲಸಕ್ಕೆ ಹೋಗುತ್ತಿದ್ದರು. ಸಂಕ್ರಾಂತಿ ಕಳೆದ ಮೇಲೆ ಮಳೆ ಬೀಳುವವರೆಗೆ ಮಾತ್ರ ಆ ಕೆಲಸ. ಹುಲ್ಲು ಒಣಗಿ ಮೊಳಕೈ ಎತ್ತರ ನಿಂತಿರುತ್ತದೆ. ಕಾಡಿನ ಗೇಟಿನ ಹೊರಬದಿಯ ತಗಡಿನ ಶೆಡ್ಡಿನಲ್ಲಿ ಅವರು, ಮೊಳೆಗೆ ನೇತುಬಿದ್ದ ನಾನು. ಬೆಳಗಿನ ಜಾವ ಸುತ್ತು ಹೋಗುವಾಗ ನನ್ನಲ್ಲಿ ಟೀ ಇರುತ್ತಿತ್ತು. ಬೇಸಗೆಯಲ್ಲಿ ಕಾಡಿನೊಳಗೆ ಒಲೆ ಹೂಡುವಂತಿಲ್ಲ, ಕಾವಲುಗಾರನೂ ಹೂಡುವಂತಿಲ್ಲ. ಇಪ್ಪತ್ತು ವರ್ಷ ಅವರ ಹೆಗಲ ಮೇಲಿದ್ದೆ. ಎಲೆ ಅಡಿಕೆ ಜಗಿಯುವುದನ್ನು ಕಂಡಿದ್ದೇನೆ. ಬೀಡಿ ಮುಟ್ಟಿದ್ದನ್ನು ಕಂಡಿಲ್ಲ.

ಏಪ್ರಿಲ್‌ನ ಒಂದು ಶನಿವಾರ ಮಧ್ಯಾಹ್ನ ಮೂವರು ಗೇಟಿಗೆ ಬಂದರು. ಕಾಲೇಜಿನಲ್ಲಿ ಪಾಠ ಮಾಡುವ ನಾಗಭೂಷಣ, ಅವನ ಹೆಂಡತಿ ದಾಕ್ಷಾಯಿಣಿ, ಅವನ ಜೊತೆ ಕೆಲಸ ಮಾಡುವ ಸಿದ್ದರಾಜು. ಬೆಟ್ಟದ ಅರ್ಧದಲ್ಲಿರುವ ಇಲಾಖೆಯ ಬಯಲಿನಲ್ಲಿ ಒಂದು ರಾತ್ರಿ ಟೆಂಟ್ ಹಾಕಲು ಅನುಮತಿ ತಂದಿದ್ದರು.

“ಬೀಡಿ, ಸಿಗ್ರೇಟು, ಬೆಂಕಿಪೊಟ್ಣ, ಲೈಟ್ರು, ಗ್ಯಾಸ್ ಒಲೆ, ಏನಿದ್ರೂ ಇಲ್ಲೇ ಮಡಗ್ಬುಡಿ ಸಾ,” ಎಂದರು ಕೇತೇಗೌಡರು, ಬಾಯಲ್ಲಿದ್ದ ಎಲೆ ಅಡಿಕೆಯನ್ನು ಒತ್ತಟ್ಟಿಗೆ ತಳ್ಳಿ.

ಸಿದ್ದರಾಜು ಲೈಟರ್ ತೆಗೆದು ಮುಖ ಹುಳ್ಳಗೆ ಮಾಡಿಕೊಂಡ. “ಬೆಂಕಿ ಇಲ್ದೆ ಎಂಥ ಕ್ಯಾಂಪು ಗುರು? ಓಲಗ ಇಲ್ದೆ ತಾಳಿ ಕಟ್ಟಿದಂಗೆ.”

“ನಿನ್ನ ಮದುವೇಲಿ ಓಲಗ ಇತ್ತಲ್ಲ, ಏನು ಉದ್ಧಾರ ಆಯ್ತು?” ಎಂದ ನಾಗಭೂಷಣ. ದಾಕ್ಷಾಯಿಣಿ ನಕ್ಕಳು.

ನಾಗಭೂಷಣ ಅಚ್ಚುಕಟ್ಟಿನ ಮನುಷ್ಯ. ಸಣ್ಣ ಗ್ಯಾಸ್ ಒಲೆಯನ್ನು ತಾನೇ ಚೀಲದಿಂದ ತೆಗೆದುಕೊಟ್ಟ, ಸಿದ್ದರಾಜನ ಜೇಬು ತಾನೇ ತಟ್ಟಿ ನೋಡಿದ. “ಇನ್ನೇನೂ ಇಲ್ಲ ಗೌಡ್ರೇ,” ಎಂದ. ಅವನು ಸುಳ್ಳು ಹೇಳಲಿಲ್ಲ. ಅವನ ಅಂಗಿಯ ಜೇಬಿನಲ್ಲಿ ಅವನ ತಾಯಿ ಕೊಟ್ಟ ಪೂಜೆಯ ಪೊಟ್ಟಣವಿತ್ತು. ಕ್ಯಾಲೆಂಡರ್ ಹಾಳೆಯಲ್ಲಿ ಮಡಚಿದ ಕರ್ಪೂರ, ಜೊತೆಗೊಂದು ಬೆಂಕಿಪೊಟ್ಟಣ. ಅದು ಬೆಂಕಿಯ ಲೆಕ್ಕಕ್ಕೆ ಬರುತ್ತದೆ ಎಂದು ಅವನಿಗೆ ಹೊಳೆಯಲೇ ಇಲ್ಲ.

ಕೇತೇಗೌಡರು ಶೆಡ್ಡಿನ ಒಲೆಯಲ್ಲಿ ಟೀ ಕಾಯಿಸಿ ನನ್ನಲ್ಲಿ ತುಂಬಿದರು. “ಮೇಲೆ ಚಳಿ ಆಯ್ತದೆ. ತಕೊಂಡು ಓಗಿ, ಇಳಿವಾಗ ಕೊಟ್ರಾಯ್ತು. ಇನ್ನೊಂದು ಮಾತು ಸಾ. ಅಕಸ್ಮಾತ್ ಎಲ್ಲಾರ ಬೆಂಕಿ ಕಂಡ್ರೆ ಮೇಲಕ್ಕೆ ಓಡ್ಬ್ಯಾಡಿ. ಅದು ಮೇಲಕ್ಕೇ ಬರೋದು. ಕೆಳೀಕೆ ಓಡಿ.”

ನಾಗಭೂಷಣ ನನ್ನನ್ನು ಹೆಗಲಿಗೆ ಹಾಕಿಕೊಂಡ. ಏರು ಹತ್ತುವಾಗ ಅವನ ಅಂಗಿ ಬೆವರಿನಿಂದ ತೊಯ್ದಿತು. ಪೊಟ್ಟಣ ಒದ್ದೆಯಾದೀತೆಂದು ತೆಗೆದು ನನ್ನ ಜೇಬಿನಲ್ಲಿಟ್ಟು ಗುಂಡಿ ಹಾಕಿದ. ಇಪ್ಪತ್ತು ವರ್ಷದಲ್ಲಿ ಆ ಜೇಬಿಗೆ ಬೆಂಕಿಪೊಟ್ಟಣ ಬಂದದ್ದು ಅದೇ ಮೊದಲು. ನನಗೆ ಬಾಯಿ ಇದೆ, ಆದರೆ ಅದು ಸುರಿಯುವುದಕ್ಕೆ ಮಾತ್ರ.

ಆ ಸಂಜೆ ಅವರು ಸುಖವಾಗಿದ್ದರು. ಇದನ್ನು ಹೇಳಲೇಬೇಕು. ಚಪಾತಿ, ಹುಚ್ಚೆಳ್ಳು ಚಟ್ನಿ, ಮೊಸರನ್ನ. ನೀರಿನ ಕ್ಯಾನಿನ ಕೆಳಗೆ ಟಾರ್ಚ್ ಇಟ್ಟಾಗ ಕ್ಯಾನೇ ಒಂದು ಮಂಕು ದೀಪವಾಯಿತು. ಬೆಂಕಿ ಇರಬೇಕಾದ ಜಾಗದಲ್ಲಿ ನನ್ನನ್ನಿಟ್ಟು ಸುತ್ತ ಕೂತರು. ಸಿದ್ದರಾಜು ನನ್ನತ್ತ ಅಂಗೈ ಚಾಚಿ, “ಅಬ್ಬಾ, ಏನ್ ಕಾವು,” ಎಂದು ಕೈ ಉಜ್ಜಿಕೊಂಡ. ಅವರು ಬಹಳ ಹೊತ್ತು ನಕ್ಕರು.

“ಬೆಂಕಿ ಇದ್ದಿದ್ರೆ ಇಷ್ಟು ಚುಕ್ಕಿ ಕಾಣ್ತಿರಲಿಲ್ಲ ಕಣ್ರೀ,” ಎಂದಳು ದಾಕ್ಷಾಯಿಣಿ.

“ಇನ್ಮೇಲೆ ಪ್ರತಿ ವರ್ಷ ಬೇಸಗೇಲೇ ಬರೋಣ,” ಎಂದ ಅವನು.

ಸುತ್ತ ಹುಲ್ಲು ಸರಸರ ಎನ್ನುತ್ತಿತ್ತು. ಗಾಳಿ ಇನ್ನೂ ಕೆಳಮುಖವಾಗಿತ್ತು.

ಬೆಳಗ್ಗೆ ಸಿದ್ದರಾಜು ಟೆಂಟಿನಲ್ಲಿ ಮಲಗಿದ್ದ. ಗಂಡ ಹೆಂಡತಿ ಇಬ್ಬರೇ ಉಳಿದ ಟೀಯ ಜೊತೆಗೆ ಇನ್ನಷ್ಟು ಮೇಲೆ, ಬಿಸಿಲಮ್ಮನ ಕಲ್ಲಿನವರೆಗೆ ಹತ್ತಿದರು. ಗುಡಿಯಿಲ್ಲ, ಸೂರಿಲ್ಲ, ಅರಿಸಿನ ಮೆತ್ತಿದ ಒಂದು ಕಲ್ಲು. ನಾಗಭೂಷಣನ ತಾಯಿ ಪುಟ್ಟಗೌರಮ್ಮನ ತವರು ಆ ಬೆಟ್ಟದ ಬುಡದಲ್ಲೇ. ಬೆಟ್ಟ ಹತ್ತಿದವರು ಬರಿಗೈಯಲ್ಲಿ ಅಮ್ಮನನ್ನು ಹಾದುಹೋಗಬಾರದು ಎಂಬುದು ಅವರ ಮನೆಯ ನಡೆ.

ಅವನು ಚಪ್ಪಲಿ ಬಿಟ್ಟ. ನನ್ನ ಜೇಬಿನಿಂದ ಪೊಟ್ಟಣ ತೆಗೆದು, ಎರಡು ಬಿಲ್ಲೆ ಕರ್ಪೂರ ಕಲ್ಲಿನ ಮೇಲಿಟ್ಟು ಹಚ್ಚಿದ. ಉಳಿದದ್ದನ್ನು ಮಡಚಿ ನನ್ನ ಜೇಬಿಗೇ ಹಾಕಿ ಗುಂಡಿ ಹಾಕಿದ. ಇಬ್ಬರೂ ಉರಿಯ ಮೇಲೆ ಕೈ ಆಡಿಸಿ ಕಣ್ಣಿಗೊತ್ತಿಕೊಂಡರು.

ಆಗ ಗಾಳಿ ತಿರುಗಿತು. ಬಿಸಿಲೇರಿದ ಮೇಲೆ ಆ ಬೆಟ್ಟದಲ್ಲಿ ಗಾಳಿ ಮೇಲ್ಮುಖವಾಗುತ್ತದೆ. ಒಂದು ಬಿಲ್ಲೆ ಉರಿಯುತ್ತಲೇ ಉರುಳಿ ಹುಲ್ಲಿಗೆ ಬಿತ್ತು.

ಮೊದಲು ಅದು ತಟ್ಟೆಯಷ್ಟಿತ್ತು. ಅವನು ಚಪ್ಪಲಿಯಿಂದ ಬಡಿದ. ಮೊರದಷ್ಟಾಯಿತು. ಮೊಳಕೈ ಎತ್ತರದ ಹುಲ್ಲು ಚಟಚಟ ಎಂದಿತು. ನನ್ನ ಚೀಲದ ಅಂಚು ಹತ್ತಿಕೊಂಡಾಗ ಅವನೇ ಕೈಯಿಂದ ಉಜ್ಜಿ ಆರಿಸಿ ನನ್ನನ್ನು ಹೆಂಡತಿಯ ಹೆಗಲಿಗೆ ಹಾಕಿದ.

“ದಾಕ್ಷಿ, ನೀನು ಕೆಳಕ್ಕೆ ಓಡು. ಗೌಡ್ರಿಗೆ ಹೇಳು.”

“ನೀವೂ ಬನ್ನಿ.”

“ಇಷ್ಟೇ ಇಷ್ಟಿದೆ. ಮೇಲ್ಗಡೆಯಿಂದ ಅಡ್ಡ ಹಾಕಿ ಬರ್ತೀನಿ.”

ಅವನು ಮೇಲಕ್ಕೆ ಓಡಿದ.

ಅವಳು ಕೆಳಕ್ಕೆ ಓಡಿದಳು, ಟೆಂಟಿನ ಬಳಿ ಸಿದ್ದರಾಜನನ್ನು ಕೂಗಿ ಎಬ್ಬಿಸಿ ಜೊತೆಗೆ ಕರೆದುಕೊಂಡಳು. ಒಂದು ಕಡೆ ಬಿದ್ದಳು. ನಾನು ಬಂಡೆಗೆ ಬಡಿದೆ. ನನ್ನೊಳಗೆ ಟಪ್ಪೆಂದು ಸಣ್ಣ ಸದ್ದು. ಅದರಿಂದಾಚೆಗೆ ನಾನು ಬಿಸಿ ಹಿಡಿಯುವ ವಸ್ತುವಾಗಿ ಉಳಿಯಲಿಲ್ಲ. ಕೇತೇಗೌಡರು ಹಸಿ ಕೊಂಬೆ ಮುರಿದುಕೊಂಡು ಹೊಗೆಯತ್ತ ಓಡಿದ್ದನ್ನು ನೋಡಿದೆ. ಬೆಟ್ಟ ಎರಡು ದಿನ ಉರಿಯಿತು.

ಅವನನ್ನು ಇಳಿಸಿ ತಂದ ಮೇಲೆ ಅಧಿಕಾರಿಗಳು ಅವಳನ್ನು ಕೇಳಿದರು. “ಬೆಂಕಿ ಹೇಗೆ ಹತ್ತಿತು ಮೇಡಂ?”

“ಗೊತ್ತಿಲ್ಲ,” ಎಂದಳು.

ಆಗ ಅವಳ ಬಾಯಿಗೆ ಬಂದದ್ದು ಅದೊಂದೇ ಮಾತು. ಅವತ್ತು ನಸುಕಿನಲ್ಲಿ ಆ ದಾರಿಯಲ್ಲಿ ಸುತ್ತು ಹೋಗಿದ್ದವರು ಕೇತೇಗೌಡರೊಬ್ಬರೇ. ಉಳಿದದ್ದನ್ನು ಕೇಳಿದವರೇ ಸೇರಿಸಿಕೊಂಡರು.

ಹನ್ನೆರಡನೆಯ ದಿನದ ಬೆಳಗ್ಗೆಗೆ ವಾಪಸ್ ಬರುತ್ತೇನೆ. ಅಡುಗೆಮನೆಗೆ ಪುಟ್ಟಗೌರಮ್ಮ ಬಂದರು.

“ಯಾರ ಫ್ಲಾಸ್ಕವ್ವ ಅದು?”

“ಕೇತೇಗೌಡರದು ಅತ್ತೆ. ಆ ವಾಚರದು. ಇವರು ಈಸ್ಕೊಂಡಿದ್ರು.”

“ಎಸಿ ಆಚೆಗೆ. ಬೀಡಿ ಸೇದಿ ನನ್ನ ಮಗನ್ನ ಸುಟ್ಟವನದು ನನ್ನ ಮನೇಲಿ ಬೇಡ.”

ದಾಕ್ಷಾಯಿಣಿ ಗುಂಡಿ ಬಿಚ್ಚಿದಳು. ಬೆಂಕಿಪೊಟ್ಟಣವನ್ನೂ ಕ್ಯಾಲೆಂಡರ್ ಹಾಳೆಯ ಮಡಿಕೆಯನ್ನೂ ಕಟ್ಟೆಯ ಮೇಲಿಟ್ಟಳು. ಆ ಮಡಿಕೆ ಮಡಚಿದ್ದು ಪುಟ್ಟಗೌರಮ್ಮನ ಕೈ. ಅವರು ಬಿಚ್ಚಿ ನೋಡಿದರು.

“ಐದು ಬಿಲ್ಲೆ ಇಟ್ಟಿದ್ದೆ. ಮೂರವೆ.”

ದಾಕ್ಷಾಯಿಣಿ ಬೆಂಕಿಪೊಟ್ಟಣವನ್ನು ಅತ್ತೆಯತ್ತ ಸರಿಸಿದಳು.

“ಹಚ್ಚಿದ್ನಾ?”

“ಹೂಂ. ನಾನೂ ಆರತಿ ತಗೊಂಡೆ.”

ಹೊರಗೆ ಪೇಪರಿನವನ ಸೈಕಲ್ ಗಂಟೆ ಕೇಳಿಸಿತು. ಪುಟ್ಟಗೌರಮ್ಮ ಕೂರಲು ಜಾಗ ಹುಡುಕಿ, ಅಕ್ಕಿ ಡಬ್ಬದ ಮೇಲೆ ಕೂತರು.

“ಅವನು ಬೀಡಿ ಸೇದ್ತನಾ, ಆ ವಾಚರು?”

“ಇಲ್ಲ ಅತ್ತೆ. ಎಲೆ ಅಡಿಕೆ ಹಾಕ್ತಾರೆ.”

ಪುಟ್ಟಗೌರಮ್ಮ ಎದ್ದರು. ನಡುಮನೆಗೆ ಹೋಗಿ, ಫೋಟೋದ ಹಿಂದಿನ ಪೇಪರ್ ತುಣುಕನ್ನು ತೆಗೆದು, ಸಣ್ಣದಾಗಿ ಮಡಚಿ, ಸೆರಗಿನ ತುದಿಗೆ ಗಂಟು ಹಾಕಿಕೊಂಡರು. ಅಲ್ಲಿಂದಲೇ ಹೇಳಿದರು: “ಫ್ಲಾಸ್ಕು ತೊಳಿ. ಇನ್ನೊಬ್ಬರ ಸಾಮಾನು ಕೊಳಕು ಮಾಡಿ ಕೊಡಬಾರದು.”

ದಾಕ್ಷಾಯಿಣಿ ನನ್ನನ್ನು ತೊಳೆದಳು. ಮೂರು ಸಲ ತೊಳೆದಳು. ಚೂರುಗಳು ಒಳಗೇ ಉಳಿದವು.

ವಲಯ ಅರಣ್ಯಾಧಿಕಾರಿಯ ಮೇಜಿನ ಮೇಲೆ ಅವಳು ಬೆಂಕಿಪೊಟ್ಟಣವನ್ನೂ ಬರೆದು ತಂದ ಒಂದು ಪುಟವನ್ನೂ ಇಟ್ಟಳು. ಅವರು ಓದಿ ಕನ್ನಡಕ ತೆಗೆದರು.

“ಯೋಚನೆ ಮಾಡಿ ಮೇಡಂ. ಊರಲ್ಲಿ ನಿಮ್ಮ ಯಜಮಾನರಿಗೆ ಒಳ್ಳೆ ಹೆಸರಿದೆ. ನಾಳೆ ಪೇಪರಿನವರು ಇದನ್ನೇ ಹಿಡ್ಕೊಂಡು ಬರೀತಾರೆ.”

“ಒಂದು ಪ್ರತಿಗೆ ಸೀಲ್ ಹಾಕಿ ಕೊಡಿ ಸರ್,” ಎಂದಳು.

ಸೀಲ್ ಬಿದ್ದ ಪ್ರತಿ ನನ್ನ ಜೇಬಿಗೆ ಬಂತು. ಅವಳು ಗುಂಡಿ ಹಾಕಿದಳು.

ಕೇತೇಗೌಡರ ಹಾಡಿಯವರೆಗೆ ಬಸ್ಸಿಲ್ಲ. ಎರಡು ಮೈಲಿ ನಡೆದಳು. ದಾರಿಯ ಎಡಕ್ಕೆ ಬೆಟ್ಟ ಕಪ್ಪಗಿತ್ತು. ಕೇತೇಗೌಡರು ಮನೆ ಮುಂದೆ ಕುಕ್ಕರುಗಾಲಲ್ಲಿ ಕೂತು ಕುಡುಗೋಲು ಮಸೆಯುತ್ತಿದ್ದರು. ಅವರ ಎರಡೂ ಮುಂಗೈ ಸುಟ್ಟು ಸಿಪ್ಪೆ ಏಳುತ್ತಿತ್ತು. ಅವಳನ್ನು ಕಂಡು ಎದ್ದರು. ಮಾದಮ್ಮ ಒಳಗಿಂದ ಚಾಪೆ ತರಲಿಲ್ಲ, ಬಾಗಿಲಲ್ಲೇ ನಿಂತಳು.

ದಾಕ್ಷಾಯಿಣಿ ನನ್ನ ಜೇಬಿನಿಂದ ಕಾಗದ ತೆಗೆದು ನಿಂತೇ ಓದಿದಳು. “ಬೆಂಕಿಗೆ ಕಾರಣ ನನ್ನ ಗಂಡ ಹಚ್ಚಿದ ಕರ್ಪೂರ. ನಾನು ಜೊತೆಗಿದ್ದೆ. ಕೇಳಿದಾಗ ಹೇಳಲಿಲ್ಲ. ಕೇತೇಗೌಡರ ತಪ್ಪು ಏನೂ ಇಲ್ಲ.” ಅವಳ ದನಿ ಎಲ್ಲೂ ಒಡೆಯಲಿಲ್ಲ.

ಮಾದಮ್ಮ ಬಾಗಿಲಿಂದ ಸರಿದು ಒಳಗೆ ಹೋದಳು. ಕೇತೇಗೌಡರು ಕುಡುಗೋಲನ್ನು ಕೆಳಗಿಟ್ಟರು.

“ಕರ್ಪೂರವಾ,” ಎಂದರು. ಬೆಟ್ಟದತ್ತ ತಿರುಗಿ, “ಬ್ಯಾಸ್ಗೇಲಿ ನಾವು ಅಮ್ಮುಂಗೆ ದೀಪ ಹಚ್ಚಲ್ಲ ಕಣವ್ವ. ಒಂದು ಚೊಂಬು ನೀರು ಉಯ್ತೀವಿ, ಅಷ್ಟೆಯ. ಎಲ್ರಿಗೂ ಗೊತ್ತಿರ್ತದೆ ಅಂದ್ಕೊಂಡೆ. ನಾನು ಬೀಡಿ ಕೇಳ್ದೆ, ಲೈಟ್ರು ಕೇಳ್ದೆ. ಇದ ಕೇಳ್ಲಿಲ್ಲ.”

ಅವಳು ಎರಡೂ ಕೈಯಲ್ಲಿ ನನ್ನನ್ನು ಮುಂದೆ ಹಿಡಿದಳು. “ಇಳಿಯುವಾಗ ಕೊಡಿ ಅಂದಿದ್ರಿ.”

ಅವರು ತೆಗೆದುಕೊಂಡು ಕಿವಿಯ ಬಳಿ ಅಲುಗಿಸಿದರು. “ಒಳಗೆ ಒಡ್ದೋಗದೆ.”

“ಹೂಂ. ಓಡಿ ಬರುವಾಗ ಬಿದ್ದೆ.”

“ನಿಮ್ಗೆ ಏಟಾಯ್ತಾ?”

ಮಾದಮ್ಮ ಚಾಪೆ ತಂದು ಹಾಸಿದಳು. ದಾಕ್ಷಾಯಿಣಿ ಕೂತಳು.

ಈಗ ನಾನು ಶೆಡ್ಡಿನಲ್ಲಲ್ಲ, ಅವರ ಮನೆಯ ಮೊಳೆಗೆ ನೇತಾಡುತ್ತಿದ್ದೇನೆ. ಕೆಲಸಕ್ಕೆ ಕರೆ ಇನ್ನೂ ಬಂದಿಲ್ಲ. ಚೂರುಗಳನ್ನು ಕೇತೇಗೌಡರು ಗುಂಡಿ ತೋಡಿ ಹೂತರು. ನನ್ನೊಳಗೆ ಈಗ ಎಲ್ಲರೊಳಗೂ ಇರುವ ಗಾಳಿಯೇ ಇದೆ. ಏನು ಸುರಿದರೂ ಬೇಗ ತಣ್ಣಗಾಗುತ್ತದೆ. ಕಿಟಕಿಯಲ್ಲಿ ಬೆಟ್ಟದ ಇನ್ನೊಂದು ಮಗ್ಗುಲು ಕಾಣುತ್ತದೆ. ಅದು ಸುಟ್ಟಿಲ್ಲ. ಹುಲ್ಲು ಒಣಗಿ ಎತ್ತರಕ್ಕೆ ನಿಂತಿದೆ. ಮಳೆಗೆ ಇನ್ನೂ ಒಂದು ತಿಂಗಳಿದೆ. ಬಿಸಿಲು ಏರಿದ ಹಾಗೆ ಗಾಳಿ ಮೇಲಕ್ಕೆ ಹತ್ತುತ್ತದೆ.