ದಾವೀದಪ್ಪನ ಹಲ್ಲು, ಸುವಾರ್ತಮ್ಮನ ಉಸಿರು

ಕುಷ್ಟಗಿಯ ಸುವಾರ್ತಮ್ಮ ಪ್ರಾರ್ಥನೆಗೆ ಕೂತಳೆಂದರೆ ದೇವರಿಗೆ ಕೈತುಂಬ ಕೆಲಸ. ಬೇರೆಯವರು ‘ಕಾಪಾಡಪ್ಪಾ’ ಎಂದು ಎದ್ದುಬಿಡುತ್ತಾರೆ, ಈಕೆ ಹಾಗಲ್ಲ. ಯಾವ ದಿನ ಏನಾಗಬೇಕು, ಯಾರ ಕೈಯಿಂದ ಆಗಬೇಕು, ಆಗದಿದ್ದರೆ ಎರಡನೆಯ ದಾರಿ ಯಾವುದು ಎಂದು ಎಲ್ಲವನ್ನೂ ಬಿಡಿಸಿ ಹೇಳಿ, ಎಲ್ಲಿ ಮರೆತುಬಿಡುತ್ತಾನೋ ಎಂದು ಇನ್ನೊಂದು ಸಲ ನೆನಪಿಸಿ, ಆಮೇಲೆಯೇ ಆಮೆನ್ ಅನ್ನುವವಳು. ಪಾಸ್ಟರ್ ಪ್ರಭುರಾಜರು ಒಮ್ಮೆ ಹಿಂದೆ ನಿಂತು ಇದನ್ನು ಕೇಳಿಸಿಕೊಂಡು, “ಸುವಾರ್ತಮ್ಮಾರ, ಇದು ಪ್ರಾರ್ಥನಿ ಅಲ್ರಿ. ಆಟೋದವಗ ದಾರಿ ಹೇಳಿದಂಗಾತು. ಎಡಕ್ಕ ಹೊಳ್ಳು, ಬಲಕ್ಕ ಹೊಳ್ಳು, ಇಲ್ಲೇ ನಿಲ್ಲಸು,” ಎಂದಿದ್ದರು.

“ಹೇಳಲಿಲ್ಲಂದ್ರ ಎಲ್ಲ್ಯಾರ ಒಯ್ದು ಇಳಿಸಿಬಿಟ್ರ ಏನ್ ಮಾಡಬೇಕ್ರಿ?” ಎಂದು ಸುವಾರ್ತಮ್ಮ ತಿರುಗಿ ಕೇಳಿದ್ದಳು.

ಆ ಚಳಿಗಾಲದಲ್ಲಿ ಅವಳು ದೇವರಿಗೆ ಹೇಳಿದ್ದ ದಾರಿ ಬಹಳ ಸರಳವಾಗಿತ್ತು. ಅವಳ ಗಂಡ ದಾವೀದಪ್ಪ ಬ್ಯಾಂಡ್ ಕಂಪನಿಯ ಯಜಮಾನ, ಟ್ರಂಪೆಟ್ ಊದುವವನು. ಕುಷ್ಟಗಿ, ಯಲಬುರ್ಗಾ ಸೀಮೆಯಲ್ಲಿ ಯಾವ ಜಾತಿಯವರ ಮದುವೆಯಾದರೂ ಅವನ ಟ್ರಂಪೆಟ್ಟು ಮುಂದೆ, ಮದುಮಗ ಹಿಂದೆ. ಕ್ಲಾರಿನೆಟ್ಟಿಗೆ ಹುಲಿಗೆಪ್ಪ, ದೊಡ್ಡ ಡ್ರಮ್ಮಿಗೆ ಮದಾರಸಾಬ, ಸಣ್ಣ ಡ್ರಮ್ಮಿಗೆ ಅವನ ಮಗ ಸೊಹೇಲ. ಈ ಸಲ ಮೊದಲ ಬಾರಿಗೆ ಭತ್ತದ ಸೀಮೆಯಿಂದ ಕರೆ ಬಂದಿತ್ತು. ಕಾರಟಗಿಯ ಅಕ್ಕಿ ಗಿರಣಿ ವಿರೂಪಾಕ್ಷಪ್ಪನವರ ಮಗಳು ಅಮೃತಾಳ ಮದುವೆ ಬೇಸಿಗೆಯಲ್ಲಿ. ಅಲ್ಲಿ ಒಮ್ಮೆ ಹೆಸರಾದರೆ ಗಂಗಾವತಿಯ ಕಡೆಯವರೆಲ್ಲ ಕರೆಯುತ್ತಾರೆ ಎಂಬುದು ಸುವಾರ್ತಮ್ಮನ ಲೆಕ್ಕ. ದೇವರಿಗೂ ಅದನ್ನೇ ಒಪ್ಪಿಸಿದ್ದಳು.

ಆದರೆ ನಡುವೆ ಬೇವೂರಿನ ಒಂದು ಕುದುರೆ ಬಂತು.

ಬೇವೂರಿನ ಮದುವೆಯ ಮೆರವಣಿಗೆಯಲ್ಲಿ ದಾವೀದಪ್ಪ ಮದುಮಗನ ಕುದುರೆಯ ಮುಂದೆಯೇ ನಿಂತು, ಕಣ್ಣು ಮುಚ್ಚಿ, ಎತ್ತರದ ಸ್ವರ ಹಿಡಿದಿದ್ದ. ಯಾರೋ ಪಟಾಕಿ ಹಚ್ಚಿದರು. ಕುದುರೆ ಬೆದರಿ ಕತ್ತು ಕೊಡವಿತು. ಅದರ ತಲೆ ಟ್ರಂಪೆಟ್ಟಿಗೆ ಬಡಿಯಿತು, ಟ್ರಂಪೆಟ್ಟು ದಾವೀದಪ್ಪನ ಬಾಯಿಗೆ ಬಡಿಯಿತು, ಮುಂದಿನ ಹಲ್ಲುಗಳು ಅಲ್ಲೇ ಬೇವೂರಿನ ಮಣ್ಣಿಗೆ ಬಿದ್ದವು.

“ಅಣ್ಣಾಗ ಏನಾತಂತ ಯಾರೂ ಕೇಳಲಿಲ್ಲಕ್ಕಾ,” ಎಂದು ಅವನನ್ನು ಮನೆಗೆ ಕರೆತಂದ ಹುಲಿಗೆಪ್ಪ ಸಿಟ್ಟಿನಿಂದ ಹೇಳಿದ. “ಎಲ್ಲಾರೂ ಕುದರಿ ಮಾರಿಗೆ ಪೆಟ್ಟಾತೇನಂತ ನೋಡಾಕ ಓಡಿದ್ರು.”

ಬಾಯಿಗೆ ಟವೆಲ್ ಒತ್ತಿಕೊಂಡಿದ್ದ ದಾವೀದಪ್ಪ ಹೆಂಡತಿಯನ್ನು ನೋಡಿ, “ಥುವಾರ್ತಾ,” ಎಂದ. ಮದುವೆಯಾಗಿ ಇಷ್ಟು ವರ್ಷದಲ್ಲಿ ಅವನ ಬಾಯಲ್ಲಿ ತನ್ನ ಹೆಸರು ಹಾಗೆ ಒಡೆದದ್ದನ್ನು ಅವಳು ಕೇಳಿರಲಿಲ್ಲ. ಅಳು ಬಂತು. ಅಳುತ್ತಲೇ ಬಿಸಿನೀರು ಕಾಯಿಸಿದಳು.

ಅಂದು ಸಂಜೆ ದೇವರಿಗೆ ಹೊಸ ದಾರಿ ಹೇಳಿದಳು: ಗಾಯ ಬೇಗ ಮಾಯಬೇಕು, ಕೊಪ್ಪಳದ ಡಾಕ್ಟರು ಹಲ್ಲಿನ ಸೆಟ್ಟು ಕೂರಿಸಬೇಕು, ಬೇಸಿಗೆಯ ಹೊತ್ತಿಗೆ ಟ್ರಂಪೆಟ್ಟು ಮೊದಲಿನಂತೆ ಆಗಬೇಕು. ದೇವರು ಮೊದಲೆರಡನ್ನು ನಡೆಸಿಕೊಟ್ಟ. ಹೊಸ ಹಲ್ಲು ಹಾಕಿಕೊಂಡ ದಾವೀದಪ್ಪ ಮೊದಲ ಊದು ದೇವರಿಗೇ ಇರಲಿ ಎಂದು ಭಾನುವಾರ ಟ್ರಂಪೆಟ್ಟನ್ನು ಚರ್ಚಿಗೇ ಒಯ್ದ. ಕಾಣಿಕೆಯ ಹಾಡು ಶುರುವಾಯಿತು. ಕೆಳಗಿನ ಸ್ವರಗಳು ಚೆನ್ನಾಗಿಯೇ ಬಂದವು. ಮೇಲಿನ ಸ್ವರಕ್ಕೆ ಉಸಿರು ಕೊಟ್ಟದ್ದೇ ತಡ, ಸೆಟ್ಟು ಕಿತ್ತು ಬಾಯಿಂದ ಹಾರಿ, ಎದುರಿಗೆ ಹಾಯುತ್ತಿದ್ದ ಕಾಣಿಕೆ ತಟ್ಟೆಯಲ್ಲಿ ಠಣ್ ಎಂದು ಬಿತ್ತು.

ಹಾಡು ಅಲ್ಲಿಗೇ ನಿಂತಿತು. ಪಾಸ್ಟರ್ ಪ್ರಭುರಾಜರು ಕೆಮ್ಮಿ, “ದಾವೀದಪ್ಪಾರ, ಕಾಣಿಕಿ ಅಂದ್ರ ಇಷ್ಟೆಲ್ಲಾ ಕೊಡಬೇಕಂತ ಇಲ್ರಿ,” ಎಂದರು. ಆಮೇಲೆ ನಗು ತಡೆಯಲು ಯಾರಿಂದಲೂ ಆಗಲಿಲ್ಲ. ದಾವೀದಪ್ಪನೂ ನಕ್ಕಂತೆ ಮಾಡಿದ. ಮನೆಗೆ ಬಂದವನೇ ಟ್ರಂಪೆಟ್ಟನ್ನು ಪೆಟ್ಟಿಗೆಯಲ್ಲಿಟ್ಟು, ಪೆಟ್ಟಿಗೆಯನ್ನು ಮಂಚದ ಕೆಳಗೆ ತಳ್ಳಿದ.

ಸುವಾರ್ತಮ್ಮ ದೇವರ ಜೊತೆ ಮಾತು ಬಿಟ್ಟಳು.

ಪೂರ್ತಿ ಬಿಡಲು ಧೈರ್ಯವಾಗಲಿಲ್ಲ. ಊಟಕ್ಕೆ ಮುಂಚೆ, “ಅನ್ನಕ್ಕ ಸ್ತೋತ್ರ. ಆಮೆನ್,” ಎಂದು ಮುಖ ಆ ಕಡೆ ತಿರುಗಿಸಿಕೊಂಡು ಹೇಳುವಳು. ಚರ್ಚಿಗೆ ಹೋಗುವಳು, ಹಾಡುವಳು, ಪ್ರಾರ್ಥನೆಯ ಹೊತ್ತಿಗೆ ತುಟಿ ಬಿಗಿಹಿಡಿದು ಕೂರುವಳು. ಬೀಗರ ಮನೆಯಲ್ಲಿ ಮುನಿಸಿಕೊಂಡು ಕೂತವರ ಹಾಗೆ. ಯಾರಾದರೂ ಕಾರಣ ಕೇಳಿದರೆ, “ನಾ ಹೇಳಿದ್ದು ಆಂವಗ ಕೇಳಸಂಗಿಲ್ಲ. ಆಂವ ಹೇಳೂದು ನನಗ ತಿಳಿಯಂಗಿಲ್ಲ. ಸುಮ್ನ ಇದ್ರ ಇಬ್ಬರಿಗೂ ಆರಾಮ,” ಎನ್ನುವಳು.

ಆದರೆ ಆರಾಮ ಇರಲಿಲ್ಲ. ದಾವೀದಪ್ಪ ಮಂಚದ ಅಂಚಿನಲ್ಲಿ ಕೂತು, ತನಗೇ ಗೊತ್ತಿಲ್ಲದಂತೆ ಮೂರು ಬೆರಳಿನಿಂದ ತೊಡೆಯ ಮೇಲೆ ಟ್ರಂಪೆಟ್ಟಿನ ಗುಂಡಿ ಒತ್ತುತ್ತಿದ್ದ. ಸದ್ದಿಲ್ಲದ ಹಾಡು. ಅವಳು ಅದನ್ನು ನೋಡಿದಾಗಲೆಲ್ಲ ಅಡುಗೆಮನೆಗೆ ಹೋಗಿ ಪಾತ್ರೆ ಬಡಿಯುತ್ತಿದ್ದಳು.

ಒಂದು ಮಧ್ಯಾಹ್ನ ತಡೆಯಲಾರದೆ ಪೆಟ್ಟಿಗೆ ಎಳೆದು, ಟ್ರಂಪೆಟ್ಟನ್ನು ಅಂಗಳಕ್ಕೆ ಒಯ್ದು ಹುಣಸೆಹಣ್ಣು ಹಚ್ಚಿ ತಿಕ್ಕಿದಳು. ತೊಳೆದಾದ ಮೇಲೆ ಒಳಗೆ ನಿಂತ ನೀರು ಹೊರಗೆ ಹೋಗಲೆಂದು ಬಾಯಿಟ್ಟು, ದೇವರ ಮೇಲಿನ ಸಿಟ್ಟನ್ನೆಲ್ಲ ಸೇರಿಸಿ ಊದಿದಳು.

ಬಂದ ಸದ್ದನ್ನು ಹೀಗೆ ಎಂದು ಹೇಳುವುದು ಕಷ್ಟ. ಪಕ್ಕದ ಮನೆಯ ಪಕ್ಕೀರವ್ವನ ಎಮ್ಮೆ ಮಾತ್ರ ಅದನ್ನು ಕೂಡಲೇ ಅರ್ಥ ಮಾಡಿಕೊಂಡು, ಕತ್ತೆತ್ತಿ, ಅಷ್ಟೇ ಉದ್ದವಾಗಿ ಉತ್ತರ ಕೊಟ್ಟಿತು.

ಒಳಗಿನಿಂದ ಇನ್ನೊಂದು ಸದ್ದು ಕೇಳಿತು. ಸುವಾರ್ತಮ್ಮ ಗಾಬರಿಯಿಂದ ಓಡಿದಳು. ದಾವೀದಪ್ಪ ಮಂಚದ ಮೇಲೆ ಹೊಟ್ಟೆ ಹಿಡಿದುಕೊಂಡು ಬಿದ್ದಿದ್ದ. ಖಾಲಿ ಬಾಯಿ ತೆರೆದು, ಕಣ್ಣಲ್ಲಿ ನೀರು ಸುರಿಸಿ, ನಗುತ್ತಿದ್ದ.

“ಇನ್ನೊಮ್ಮಿ,” ಎಂದ. “ಥುವಾರ್ತಾ, ಇನ್ನೊಮ್ಮಿ ಊದು.”

ಅವಳು ಊದಿದಳು. ಎಮ್ಮೆ ಒದರಿತು. ಗಂಡ ಹೆಂಡತಿ ಇಬ್ಬರೂ ನೆಲಕ್ಕೆ ಕುಸಿದು ನಕ್ಕರು. ಆಮೇಲೆ ಅವಳು ಪಾತ್ರೆ ತೊಳೆಯುತ್ತಾ, ಯಾರನ್ನೋ ಬಾಗಿಲಲ್ಲಿ ಕಂಡವಳಂತೆ ಮೆಲ್ಲಗೆ, “ಇದನ್ನ ನಾ ಕೇಳಿದ್ದಿಲ್ಲ ನೋಡು,” ಎಂದಳು. ಬಹಳ ದಿನಗಳ ಮೇಲೆ ದೇವರಿಗೆ ಆಡಿದ ಮೊದಲ ಮಾತು ಅದು.

ಅವನು ನಗಲಿ ಎಂದೇ ಅವಳು ದಿನಾ ಊದತೊಡಗಿದಳು. ನಗುವವನು ಕ್ರಮೇಣ ತಿದ್ದತೊಡಗಿದ. “ಗಲ್ಲ ಉಬ್ಬಥಬ್ಯಾಡ. ಹೊಟ್ಟಿಲಿಂದ ಬರ್ಲಿ. ತುಟಿ ಬಿಗಿ ಮಾಡು, ಥಿಟ್ಟು ಬಂದಾಗ ಮಾಡ್ತೀಯಲ್ಲ, ಹಂಗ.” ಸಿಟ್ಟಿನ ತುಟಿ ಸುವಾರ್ತಮ್ಮನಿಗೆ ಸಹಜವಾಗಿಯೇ ಬರುತ್ತಿತ್ತು. ಪಕ್ಕೀರವ್ವ ಬಂದು, “ನಿಮ್ಮ ಪ್ರಾರ್ಥನಿ ಹೊಸಾ ನಮೂನಿ ಐತೇನಬೇ? ಎಮ್ಮಿ ಹಾಲ ಇಳಸವಲ್ದು,” ಎಂದು ಹೇಳಿದ ಮೇಲೆ ಇಬ್ಬರೂ ಸಂಜೆ ನಿಡಶೇಸಿ ಕೆರೆಯ ದಂಡೆಗೆ ಹೋಗಿ ಕಲಿಯತೊಡಗಿದರು. ಅಲ್ಲಿ ಕೊಕ್ಕರೆಗಳು ಮಾತ್ರ ಎದ್ದು ಹೋದವು.

ಬೇಸಿಗೆ ಬರುವಷ್ಟರಲ್ಲಿ ಅವಳಿಗೆ ಒಂದು ಹಾಡು ಪೂರ್ತಿ ಬಂತು. ಸತ್ತವರಿಗೆ ಮಣ್ಣು ಕೊಡಲು ಹೋಗುವಾಗ ಬ್ಯಾಂಡಿನವರು ಊದುವ ಕೀರ್ತನೆ. ನಿಧಾನದ್ದು, ಮೇಲಿನ ಸ್ವರ ಇಲ್ಲದ್ದು, ಕಲಿಯುವವರಿಗೆ ಸುಲಭದ್ದು. ದಾರಿ ಕಾಣದಿದ್ದರೂ ನೀನು ನಡೆ ಎಂದರೆ ನಡೆಯುತ್ತೇನೆ ಎಂಬ ಅರ್ಥದ್ದು. ಕಾರಟಗಿಯ ಮದುವೆಗೆ ಹೊಸಪೇಟೆಯ ಒಬ್ಬ ಟ್ರಂಪೆಟ್ಟಿನವನನ್ನು ಗೊತ್ತು ಮಾಡಿದ್ದರಿಂದ ಒಂದೇ ಹಾಡಾದರೂ ಚಿಂತೆಯಿರಲಿಲ್ಲ.

ಮದುವೆ ಮುಂದಿನ ವಾರ ಎನ್ನುವಾಗ ಹೊಸಪೇಟೆಯವನು ಫೋನ್ ಮಾಡಿ, ಅಂದೇ ತನ್ನ ಹೆಂಡತಿಯ ತಮ್ಮನ ಮದುವೆ ಗೊತ್ತಾಗಿದೆ, ಬರಲಾಗುವುದಿಲ್ಲ ಎಂದ.

ದಾವೀದಪ್ಪ ಟ್ರಂಪೆಟ್ಟಿನ ಪೆಟ್ಟಿಗೆಯನ್ನು ಹೆಂಡತಿಯ ಕಡೆ ಸರಿಸಿ, “ನೀನ ಊದು,” ಎಂದ.

“ನನಗ ಬರೂದು ಸತ್ತವರ ಹಾಡು!”

“ಥೊಹೇಲ ಜೋರ್ ಬಡೀತಾನ. ಯಾರಿಗೂ ತಿಳಿಯಂಗಿಲ್ಲ.”

ಊದುವವರು ಬದಲಾಗಿದ್ದಾರೆಂಬುದನ್ನು ಮುಚ್ಚಿಡುವುದು ಸರಿಯಲ್ಲ ಎಂದು ಸುವಾರ್ತಮ್ಮ ಹಟ ಹಿಡಿದಳು. ದಾವೀದಪ್ಪ ವಿರೂಪಾಕ್ಷಪ್ಪನವರಿಗೆ ಫೋನ್ ಹಚ್ಚಿ, ಹಲ್ಲಿನ ಕತೆ ಹೇಳಿ, “ನಮ್ಮ ಮನ್ಯಾಗಿನವ್ರ ಊದ್ತಾರ್ರಿ,” ಎಂದ. ಅತ್ತಲಿಂದ, “ತಮ್ಮ ಅದಾನೇನು? ಛಲೋ ಆತು ಬಿಡ್ರಿ,” ಎಂಬ ಉತ್ತರ ಬಂದು ಫೋನು ಇಟ್ಟ ಸದ್ದಾಯಿತು. ಇನ್ನೊಮ್ಮೆ ಹಚ್ಚಿದರೆ ಎತ್ತಲಿಲ್ಲ. ಮದುವೆ ಮನೆ, ಯಾರು ಎತ್ತುತ್ತಾರೆ?

ಹೊರಡುವ ದಿನ ಬೆಳಿಗ್ಗೆ ಸುವಾರ್ತಮ್ಮ ಮೊಣಕಾಲೂರಿದಳು. ಅಭ್ಯಾಸದಂತೆ ದಾರಿ ಹೇಳಲು ಬಾಯಿ ತೆರೆದಳು. ಹೇಳಲು ಒಂದೂ ಹೊಳೆಯಲಿಲ್ಲ. ಎಡಕ್ಕೂ ದಾರಿ ಕಾಣುವುದಿಲ್ಲ, ಬಲಕ್ಕೂ ಕಾಣುವುದಿಲ್ಲ. ಕೊನೆಗೆ, “ಏನ್ ಕೇಳಬೇಕೋ ನನಗ ತಿಳೀವಲ್ದು. ನಿನಗ ತಿಳದಂಗ ಮಾಡು. ನಾ ನಿನ್ನ ಸಂಗಾಟ ಬರ್ತೀನಿ. ಆಮೆನ್,” ಎಂದಳು. ಎದ್ದು ಬಾಗಿಲವರೆಗೆ ಹೋದವಳು ತಿರುಗಿ, “ಮಾನ ಮಾತ್ರ ಕಳೀಬ್ಯಾಡ,” ಎಂದೂ ಸೇರಿಸಿದಳು.

ಕಾರಟಗಿಯಲ್ಲಿ ಸೀರೆಯ ಮೇಲೆ ಕೆಂಪು ಕೋಟು, ತಲೆಗೆ ಜರಿ ಟೊಪ್ಪಿಗೆ ಹಾಕಿಕೊಂಡು ಇಳಿದ ಸುವಾರ್ತಮ್ಮನನ್ನು ಕಂಡು ವಿರೂಪಾಕ್ಷಪ್ಪನವರು ದಾವೀದಪ್ಪನನ್ನು ಪಕ್ಕಕ್ಕೆ ಎಳೆದರು.

“ಇವ್ರೇನ್ರಿ ನಿಮ್ಮ ತಮ್ಮ?”

“ತಮ್ಮ ಅಂತ ನೀವ ಅಂದ್ರಿ, ಥಾಹೇಬ್ರ,” ಎಂದ ದಾವೀದಪ್ಪ ಕೈಮುಗಿದ.

ಮದುಮಗನ ಕಡೆಯವರು ಆಗಲೇ ಬಂದು ನಿಂತಿದ್ದರು. ಬೇರೆ ಬ್ಯಾಂಡ್ ಹುಡುಕಲು ಹೊತ್ತಿರಲಿಲ್ಲ. ವಿರೂಪಾಕ್ಷಪ್ಪನವರು ಹಣೆ ಒರೆಸಿಕೊಂಡು, “ಏನಾರ ಊದ್ರಿ, ಒಟ್ಟ ಸಪ್ಪಳ ಆಗಬೇಕು,” ಎಂದರು.

ಸುವಾರ್ತಮ್ಮ ತುಟಿ ಬಿಗಿದಳು. ಸೊಹೇಲನೂ ಮದಾರಸಾಬನೂ ಕುದುರೆ ಓಡಿದಂತೆ ಬಡಿದರು. ಗೋರಿಯ ದಾರಿಯಲ್ಲಿ ತೆವಳುತ್ತಿದ್ದ ಕೀರ್ತನೆ ಆ ಬಡಿತಕ್ಕೆ ಸಿಕ್ಕು ಕಾಲಿಗೆ ಗೆಜ್ಜೆ ಕಟ್ಟಿಕೊಂಡಂತೆ ಎದ್ದಿತು. ಹುಲಿಗೆಪ್ಪನ ಕ್ಲಾರಿನೆಟ್ಟು ನಡುನಡುವೆ ಕೊಂಕು ತೆಗೆಯಿತು. ಮದುಮಗನ ಗೆಳೆಯರು ಮೊದಲು ಭುಜ ಕುಣಿಸಿದರು, ಆಮೇಲೆ ಟವೆಲ್ ಬೀಸಿದರು, ಆಮೇಲೆ ಧೂಳೆಬ್ಬಿಸಿ ಕುಣಿದರು. “ಒನ್ಸ್ ಮೋರ್!” ಎಂದು ಕೂಗಿದರು. ಕೂಗದಿದ್ದರೂ ಅದೇ ಬರುತ್ತಿತ್ತು, ಬೇರೆ ಇರಲಿಲ್ಲವಲ್ಲ. ದಾವೀದಪ್ಪ ಮುಂದೆ ನಿಂತು ಕೋಲು ತಿರುಗಿಸುತ್ತಾ ಹಿಂದಕ್ಕೆ ಹೆಜ್ಜೆ ಹಾಕುತ್ತಿದ್ದ. ಹೆಂಡತಿಯ ಉಬ್ಬಿದ ಗಲ್ಲವನ್ನು ನೋಡಿ ಕಣ್ಣಲ್ಲೇ ತಿದ್ದುತ್ತಿದ್ದ.

ಮಂಟಪದ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ ಮದುಮಗಳ ಅಜ್ಜಿ ಶೇಖರಮ್ಮ ಬೆರಳಾಡಿಸಿ ಸುವಾರ್ತಮ್ಮನನ್ನು ಹತ್ತಿರ ಕರೆದಳು.

“ಯವ್ವಾ, ನಾ ಸಣ್ಣಾಕಿದ್ದಾಗ ಮಿಷನ್ ಸಾಲ್ಯಾಗ ಕಲತಾಕಿ. ಈ ಹಾಡು ನಾ ಕೇಳೇನಿ. ಇದು ಮಣ್ಣಿಗೆ ಒಯ್ಯುವಾಗಿಂದಲ್ಲೇನು?”

ಸುವಾರ್ತಮ್ಮ ಟ್ರಂಪೆಟ್ಟನ್ನು ಕೆಳಗಿಳಿಸಿದಳು. ಸುಳ್ಳು ಹೇಳಲು ನಾಲಿಗೆ ಬರಲಿಲ್ಲ. “ಹೌದ್ರಿ ಅಮ್ಮಾರ. ನನಗ ಬರೂದು ಇದೊಂದ. ತಪ್ಪಾತ್ರಿ. ಆದ್ರ ಹಾಡು ಕೆಟ್ಟದ್ದಲ್ರಿ. ಮುಂದಿಂದು ಗೊತ್ತಿಲ್ಲಂದ್ರೂ ದೇವ್ರ ಕೈ ಹಿಡದು ಹೋಗ್ತೀನಿ ಅಂತೈತ್ರಿ.”

ಶೇಖರಮ್ಮ ಒಳಗೆ ತಲೆತಗ್ಗಿಸಿ ಕೂತಿದ್ದ ಮೊಮ್ಮಗಳ ಕಡೆ ನೋಡಿದಳು. ಹೊರಗೆ ಬೆವರಿ ನಿಂತಿದ್ದ ಮದುಮಗನ ಕಡೆ ನೋಡಿದಳು.

“ಮತ್ತ ಇಬ್ಬರಿಗೂ ಇದಕ್ಕಿಂತ ಸರಿಯಾದ ಹಾಡು ಯಾವುದೈತಿ?” ಎಂದಳು. “ನನ್ನ ಮದುವ್ಯಾಗೂ ಇದನ್ನ ಊದಿದ್ರ ನಡೀತಿತ್ತು. ಹೋಗು, ಜೋರ್ ಊದು. ನನ್ನ ಮಗಗ ಹೇಳಬ್ಯಾಡ.”

ಊಟದ ಪಂಕ್ತಿಯ ಹೊತ್ತಿಗೆ ಗಂಗಾವತಿಯ ಇಬ್ಬರು ಬಂದು ದಾವೀದಪ್ಪನ ನಂಬರು ತೆಗೆದುಕೊಂಡರು. “ಆ ಅಕ್ಕಾನ ಬರಬೇಕು,” ಎಂದು ಒಬ್ಬ ಹೇಳಿದ. ಎಲ್ಲರೂ ಹಾಗೆ ಹೇಳಲಿಲ್ಲ. ಹೆಂಗಸು ಊದುವ ಬ್ಯಾಂಡು ಬೇಡವೆಂದು ಯಲಬುರ್ಗಾದ ಒಂದು ಮನೆಯವರು ಸುದ್ದಿ ಕೇಳಿ ಆಗಲೇ ಫೋನ್ ಮಾಡಿ ತಮ್ಮ ಕರೆ ರದ್ದು ಮಾಡಿದರು. ದಾವೀದಪ್ಪನಿಗೆ ಮೇಲಿನ ಸ್ವರ ಇನ್ನೆಂದೂ ಬರುವುದಿಲ್ಲ ಎಂಬುದೂ ಇಬ್ಬರಿಗೂ ಗೊತ್ತಿತ್ತು. ಹೊರಡುವ ಮುಂಚೆ ಅವನು ಟ್ರಂಪೆಟ್ಟನ್ನು ಒರೆಸಿ, ಒಂದು ಗಳಿಗೆ ಎದೆಗೊತ್ತಿಕೊಂಡು, ಆಮೇಲೆ ತಾನೇ ಅವಳ ಕೈಗೆ ಕೊಟ್ಟ.

ಹಿಂದಿರುಗುವ ಟಂಟಂ ಗಾಡಿ ಕಾಲುವೆಯ ಪಕ್ಕ ಓಡುತ್ತಿತ್ತು. ಸಂಜೆಯ ಬಿಸಿಲು ಗದ್ದೆಯ ಮೇಲೆ ಬಿದ್ದಿತ್ತು. ಸೊಹೇಲ ಮುಂದಕ್ಕೆ ಬಾಗಿ ಕೇಳಿದ: “ಅಕ್ಕಾ, ಗಂಗಾವತಿಯಾಗ ಏನ್ ಊದ್ತೀರಿ? ಅಲ್ಲೂ ಇದ ಹಾಡು ಅಂದ್ರ ಸಿಕ್ಕಿಬೀಳ್ತೀವಿ.”

“ಗೊತ್ತಿಲ್ಲಪ್ಪಾ,” ಎಂದಳು ಸುವಾರ್ತಮ್ಮ.

ಅವಳ ಬಾಯಿಂದ ಆ ಮಾತು ಬಂದದ್ದನ್ನು ಕೇಳಿ ದಾವೀದಪ್ಪ ತಿರುಗಿ ನೋಡಿದ. ಅವಳು ಆಗಲೇ ದೊಡ್ಡ ಡ್ರಮ್ಮಿಗೆ ತಲೆಯಾನಿಸಿ, ಟೊಪ್ಪಿಗೆಯನ್ನು ಕಣ್ಣ ಮೇಲೆ ಎಳೆದುಕೊಂಡು, ಗಾಡಿ ಕುಲುಕಿದಂತೆಲ್ಲ ಕುಲುಕುತ್ತಾ ಗಾಢವಾಗಿ ನಿದ್ದೆ ಹೋಗಿದ್ದಳು.