ಸೆರಗಿನ ಬಾಗಿಲು

ಹಕ್ಕಿಗಳೆಲ್ಲ ಅಡ್ಡಡ್ಡ ಮಲಗಿಬಿಟ್ಟಿದ್ದವು. ಅವು ಹಾರಿಬಂದ ಬಾಗಿಲೂ ಮಲಗಿತ್ತು. ಸಂಜೆಯ ಹಾಡಿನ ಕಾರ್ಯಕ್ರಮಕ್ಕೆ ಶಾಲೆಯ ಜಗಲಿಯೇ ವೇದಿಕೆ; ಅದರ ಎರಡು ಕಂಬಗಳ ನಡುವೆ ಬಿಗಿಯಾಗಿ ಕಟ್ಟಿದ, ಹಕ್ಕಿ-ಬಾಗಿಲುಗಳನ್ನು ನೇಯ್ದ ನೀಲಿ ಬಟ್ಟೆಯನ್ನು ಮೇಘನ ಕತ್ತು ವಾರೆ ಮಾಡಿಕೊಂಡು ನೋಡಿದಳು. ಸಾಲದೆಂದು ಸೊಂಟವನ್ನೂ ವಾರೆ ಮಾಡಿದಳು.

"ಬೀರೇಶ, ಬ್ಯಾನರ್ ನೇಯಿ ಅಂದ್ರೆ ಇದೇನ್ ಗುರು?"

ಬೀರೇಶ ತಲೆ ಕೆರೆದುಕೊಂಡ. "ಸೀರೆ ಆಗೋಯ್ತು ಕಣೇ. ಅಭ್ಯಾಸ ಬಲ. ಮಗ್ಗದ ಮುಂದೆ ನಿಂತ್ರೆ ನಂಗೆ ಹೆಗಲು ಜ್ಞಾಪಕಕ್ಕೆ ಬರುತ್ತೆ, ಗೋಡೆ ಬರಲ್ಲ."

ಚಿತ್ರಾನ್ನದ ಡಬ್ಬಿ ಹಿಡಿದು ಪಕ್ಕದಲ್ಲಿ ನಿಂತಿದ್ದ ಅವನ ತಾಯಿ ರುಕ್ಮಿಣಮ್ಮನಿಗೆ ನಗು ತಡೆಯಲಾಗಲಿಲ್ಲ. ಹೆತ್ತ ಮಗನಾದರೇನು, ಪೆದ್ದ ಪೆದ್ದನೇ. ಸೆರಗಿನ ಚಿತ್ರ ಹೆಗಲಿನಿಂದ ಬೆನ್ನಿಗೆ ಇಳಿದಾಗ ನೆಟ್ಟಗೆ ಕಾಣುವ ಹಾಗೆ ನೇಯುವುದು. ಉದ್ದಕ್ಕೆ ಹಿಡಿದು ಕಟ್ಟಿದರೆ ಅದು ಮಲಗದೆ ಇನ್ನೇನು ಮಾಡೀತು? ದೊಡ್ಡಬಳ್ಳಾಪುರದಲ್ಲಿ ತೊಟ್ಟಿಲ ಕೂಸಿಗೂ ಗೊತ್ತಿರುವ ಸಂಗತಿ. ಆದರೆ ನಗು ತುಟಿಗೆ ಬಂದದ್ದೇ ತಡ, ಅವಳು ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಜನ ಸೇರುವುದರೊಳಗೆ ಡಬ್ಬಿ ಕೊಟ್ಟು ಜಾಗ ಖಾಲಿ ಮಾಡಬೇಕೆಂದೇ ಬಂದಿದ್ದಳು.

ಒಂದು ಕಾಲಕ್ಕೆ ಈ ಬೀದಿಯ ಮದುವೆಗಳಲ್ಲಿ ರುಕ್ಮಿಣಮ್ಮ ಸೋಬಾನೆ ಎತ್ತದೆ ಹಸೆಯ ಶಾಸ್ತ್ರವೇ ಮುಗಿಯುತ್ತಿರಲಿಲ್ಲ. ಆಮೇಲೆ ಬೀರೇಶ ತನ್ನ ಮಾಲೀಕ ಚೌಡಯ್ಯನವರ ಮಗ್ಗದ ಮನೆಯಿಂದ ಜರಿ ಕದ್ದು ಮಾರಿ ಸಿಕ್ಕಿಬಿದ್ದ. ಕದ್ದದ್ದು ನಿಜವೇ. ಚೌಡಯ್ಯ ಕಂಪ್ಲೇಂಟ್ ಕೊಟ್ಟರು, ವಿಚಾರಣೆ ಶುರುವಾಗುವ ಮೊದಲೇ ಹುಡುಗ ವರ್ಷದ ಹತ್ತಿರ ಜೈಲಿನಲ್ಲಿ ಕೊಳೆತ. ಅಂದಿನಿಂದ ರುಕ್ಮಿಣಮ್ಮ ಹಾಡುವುದನ್ನು ಬಿಟ್ಟಳು. ಮದುವೆಗೆ ಕರೆದರೂ ಹೋಗುತ್ತಿರಲಿಲ್ಲ. ಬೀದಿ ನಲ್ಲಿಗೆ ಹೋಗುವುದೂ ಎಲ್ಲರ ಕೊಡ ತುಂಬಿದ ಮೇಲೆಯೇ. ಕಳ್ಳನ ತಾಯಿ ಎಂದು ಯಾರೂ ಅಂದಿರಲಿಲ್ಲ. ಅಂದುಬಿಟ್ಟರೆ ಎಂಬ ಭಯವೇ ಅವಳನ್ನು ಅರ್ಧ ತಿಂದುಹಾಕಿತ್ತು.

ಮೇಘನ ದೇವನಹಳ್ಳಿಯ ಹುಡುಗಿ. ಜೈಲಿನೊಳಗೆ ಪದ್ಯ ಬರೆಯುವುದನ್ನು ಕಲಿಸಲು ಹೋಗುತ್ತಿದ್ದವಳು, ಈಗ ಜೈಲುಗಳೇ ಬೇಡವೆಂದು ಊರೂರು ಸುತ್ತಿ ಹಾಡು ಹೇಳಿ, ಗೋಡೆಗೆ ಚಿತ್ರ ಬರೆದು, ತಮಟೆ ಹೊಡೆಯುತ್ತಿದ್ದಳು. ಜೈಲಿನಲ್ಲಿ ಅವಳಿಂದ ಪದ್ಯ ಕಲಿತಿದ್ದ ಬೀರೇಶನೂ ಜಾಮೀನು ಸಿಕ್ಕಿದ್ದೇ ಅವಳ ತಂಡ ಸೇರಿದ. ಅವಳು ಮೊದಲ ಸಲ ಮನೆಗೆ ಬಂದ ದಿನವೇ ರುಕ್ಮಿಣಮ್ಮ ತರಾಟೆಗೆ ತೆಗೆದುಕೊಂಡಿದ್ದಳು.

"ಜೈಲು ಬೇಡ್ವಂತೆ. ಕಳ್ರನ್ನ ಕೂರಿಸ್ಕೊಂಡು ಕಾಫಿ ಕೊಡ್ಬೇಕಾ ಹಂಗಾದ್ರೆ?"

"ನೀವು ದಿನಾ ಒಬ್ನಿಗೆ ಕೊಡ್ತಿಲ್ವಾ ಆಂಟಿ?" ಎಂದಿದ್ದಳು ಮೇಘನ. "ಇವ್ನು ಒಳಗಿದ್ದಷ್ಟು ದಿನ ಚೌಡಯ್ಯನೋರಿಗೆ ಒಂದೆಳೆ ಜರಿ ವಾಪಸ್ ಬಂತಾ? ಈಗ ಭಾನುವಾರ ಭಾನುವಾರ ಹೋಗಿ ಅವ್ರ ಮಗ್ಗ ರಿಪೇರಿ ಮಾಡ್ಕೊಡ್ತಿದ್ದಾನೆ. ಎರಡ್ರಲ್ಲಿ ಯಾವ್ದು ವಾಸಿ, ನೀವೇ ಹೇಳಿ."

ರುಕ್ಮಿಣಮ್ಮ ಸಿಟ್ಟಿನಲ್ಲಿ ಹುಡುಗಿಯ ಕಾಫಿಗೆ ಇನ್ನೊಂದು ಚಮಚ ಸಕ್ಕರೆ ಸುರಿದಿದ್ದಳು.

ಈಗ ಬೀರೇಶ ಕಂಬದಿಂದ ನೀಲಿ ಬಟ್ಟೆ ಬಿಚ್ಚಿ, ಮಡಿಸಿ, ಬಿದಿರುಕೋಲಿಗೆ ಇಳಿಬಿಟ್ಟು ನೋಡಿದ. ಹಕ್ಕಿಗಳೇನೋ ಎದ್ದು ನಿಂತವು. ಆದರೆ ಯಾರದೋ ಮನೆಯ ಸೀರೆ ಒಗೆದು ಒಣಹಾಕಿದಂತಿತ್ತು.

"ಇದನ್ನ ಯಾರಾದ್ರೂ ಉಡ್ಲೇಬೇಕು," ಎಂದಳು ಮೇಘನ. ಅವಳು ಉಡುವಂತಿರಲಿಲ್ಲ, ತಮಟೆಯ ಪಟ್ಟಿ ಹೆಗಲಿಗೇ ಬರುತ್ತಿತ್ತು. ಇಬ್ಬರೂ ಒಟ್ಟಿಗೆ ರುಕ್ಮಿಣಮ್ಮನ ಕಡೆ ತಿರುಗಿದರು.

"ನನ್ ಮುಖ ಯಾಕ್ ನೋಡ್ತೀರಾ? ಆಗಾಕಿಲ್ಲ."

"ಮುಖ ಯಾರಿಗ್ ಬೇಕು ಆಂಟಿ, ಬೆನ್ನು ಸಾಕು. ಗೋಡೆ ಕಡೆ ತಿರುಗಿ ನಿಂತ್ಕೊಂಡು ಇವ್ನು ಕಟ್ಟಿರೋ ಹಾಡು ಹೇಳ್ಬಿಡಿ."

"ನಂಗ್ ಬರಾಕಿಲ್ಲ ಆ ಹಾಡು."

"ಬರುತ್ತಮ್ಮ," ಎಂದ ಬೀರೇಶ ನೆಲ ನೋಡುತ್ತ. "ನಿನ್ ಸೋಬಾನೆ ಧಾಟಿನೇ ಅದು. ಒಳಗೆ ರಾತ್ರಿ ನಿದ್ದೆ ಬರ್ದೆ ಇದ್ರೆ ಅದನ್ನೇ ಗುನುಗ್ತಿದ್ದೆ. ಮಾತು ಆಮೇಲೆ ಸೇರ್ಕೊಂಡ್ವು."

ರುಕ್ಮಿಣಮ್ಮ ಡಬ್ಬಿಯನ್ನು ಜಗಲಿಯ ಮೇಲೆ ಕುಕ್ಕಿದಳು. "ಇಷ್ಟು ದಿನ ಹೇಳಕ್ಕೇನಾಗಿತ್ತು ನಿಂಗೆ, ಮೂದೇವಿ," ಎಂದು ಅವನ ಕೈಯಿಂದ ಸೀರೆ ಕಿತ್ತುಕೊಂಡು ಶಾಲೆಯ ಕೋಣೆಗೆ ಹೋದಳು.

ಬೀರೇಶ ಬಾಗಿಲಾಚೆಯಿಂದ ಹೇಳಿಕೊಟ್ಟ ಮಾತುಗಳನ್ನು ಬಾಯಿಪಾಠ ಮಾಡುತ್ತ ಸೀರೆ ಉಟ್ಟು ಹೊರಗೆ ಬರುವಷ್ಟರಲ್ಲಿ ಬೀದಿಗೆ ಬೀದಿಯೇ ಬಂದು ಕೂತಿತ್ತು. ಮುಂದಿನ ಸಾಲಿನಲ್ಲಿ, ತಮ್ಮ ಮಗ್ಗದಲ್ಲಿ ಬೀರೇಶ ನೇಯ್ದದ್ದು ಹೇಗೆ ಬಂದಿದೆಯೋ ನೋಡೋಣವೆಂದು ಚೌಡಯ್ಯನವರೂ ಕಾಲ ಮೇಲೆ ಕಾಲು ಹಾಕಿ ಕೂತಿದ್ದರು. ಅವರನ್ನು ಕಂಡದ್ದೇ ರುಕ್ಮಿಣಮ್ಮನ ಎದೆಯಲ್ಲಿ ಮಗ್ಗ ಓಡತೊಡಗಿತು. ಬೇಗ ಬೇಗ ಗೋಡೆಯ ಕಡೆ ತಿರುಗಿದಳು.

"ನಿಂತ್ಕಳಿ ರುಕ್ಮಿಣಕ್ಕ."

ಚೌಡಯ್ಯನವರ ದನಿ. ಮೇಘನಳ ಕೈ ತಮಟೆಯ ಮೇಲೇ ನಿಂತಿತು. ಬಂತಲ್ಲ, ಇನ್ನೇನು ಅಂದೇಬಿಡುತ್ತಾರೆ ಎಂದು ರುಕ್ಮಿಣಮ್ಮ ಕಣ್ಣು ಮುಚ್ಚಿಕೊಂಡಳು.

"ಸೆರಗು ಒಂದು ಗೇಣು ಇಳಿಬಿಡಿ. ಬಾಗಿಲು ಪೂರಾ ಮಡಿಕೇಲಿ ಸಿಕ್ಕೊಂಡೈತೆ. ನನ್ ಮಗ್ಗದ್ ಮಾನ ತೆಗೀಬೇಡಿ."

ಯಾರೋ ಕಿಸಕ್ಕನೆ ನಕ್ಕರು, ಆಮೇಲೆ ಎಲ್ಲರೂ ನಕ್ಕರು. ರುಕ್ಮಿಣಮ್ಮ ಸೆರಗು ಇಳಿಬಿಟ್ಟಳು.

"ಹಾ, ಈಗ ಸರಿ. ಹಾಡಿ."

ಎದುರಿಗೆ ಸುಣ್ಣ ಉದುರಿದ ಗೋಡೆ ಬಿಟ್ಟರೆ ಏನೂ ಇರಲಿಲ್ಲ. ಮೊದಲ ಸಾಲು ಗಂಟಲಲ್ಲೇ ತಡವರಿಸಿತು. ಎರಡನೆಯದು ತಾನಾಗಿ ದಾರಿ ಹಿಡಿಯಿತು.

"ಬೀಗದ ಕೈಯ ಬಾವೀಗೆ ಎಸೆದೇವೆ
ಬಾಗಿಲ ಮುಂದೆ ರಂಗೋಲಿ ಬರೆದೇವೆ
ಬಾರಪ್ಪ ಮಗನೆ ಉಣಬಾರೋ..."

ಕೊನೆಯ ಸಾಲನ್ನು ಕೇಳಿದವರು ಎತ್ತಿಕೊಳ್ಳಬೇಕು, ಸೋಬಾನೆಯ ಪದ್ಧತಿ ಅದು. ರುಕ್ಮಿಣಮ್ಮ ಕಾದಳು. ಯಾರೂ ಎತ್ತಲಿಲ್ಲ. ಆಗ ಹಿಂದಿನಿಂದ ಒಂದು ಗೊಗ್ಗರು ಗಂಡುದನಿ, ಶ್ರುತಿಯೂ ಇಲ್ಲ ಲಯವೂ ಇಲ್ಲ, "ಬಾರಪ್ಪ ಮಗನೆ" ಎಂದು ಶುರು ಮಾಡಿತು. ಸೋಬಾನೆಗೆ ಗಂಡಸರು ದನಿಗೂಡಿಸುವುದನ್ನು ಅವಳು ಹುಟ್ಟಿದಾರಭ್ಯ ಕೇಳಿರಲಿಲ್ಲ. ಸೆರಗು ಇಳಿಬಿಡಿ ಎಂದದ್ದೂ ಅದೇ ದನಿ. ಅಪಸ್ವರ ಸಹಿಸಲಾರದೆ ಹೆಂಗಸರು ಅದನ್ನು ಅಲ್ಲೇ ಮುಚ್ಚಿಹಾಕಿ, ಸಾಲನ್ನು ತಾವೇ ಎತ್ತಿಕೊಂಡರು. ಮೇಘನ ತಮಟೆಗೆ ಬಿಗಿಯಾಗಿ ಬಡಿದಳು.

ರುಕ್ಮಿಣಮ್ಮನ ಕಣ್ಣು ತುಂಬಿ ಗೋಡೆ ಮಸುಕಾಯಿತು. ಸೆರಗನ್ನು ತಲೆಯ ಮೇಲೆ ಎಳೆದುಕೊಳ್ಳಲು ಹೆಗಲವರೆಗೆ ಹೋದ ಕೈ, ಹಕ್ಕಿಗಳು ನೆನಪಾಗಿ, ಬರಿದೇ ಕೆಳಗಿಳಿಯಿತು.