ಹಾರಿಸದವಳ ಸಹಿ

ಆಫೀಸಿನಲ್ಲಿ ಎಲ್ಲರೂ ಅವಳನ್ನು ಕೋಲಕ್ಕ ಎಂದೇ ಕರೆಯುತ್ತಿದ್ದರು. ಜಮೀನು ಅಳೆಯುವ ಆ ಕಚೇರಿಯಲ್ಲಿ ಹತ್ತೊಂಬತ್ತು ವರ್ಷದಿಂದ ಅವಳದು ಒಂದೇ ಕೆಲಸ: ಅಳತೆಯ ಕೋಲು ಹಿಡಿದು, ತೋರಿಸಿದ ಕಡೆ ಅಲ್ಲಾಡದೆ ನಿಲ್ಲುವುದು. ಇನ್ನು ಮುಂದೆ ಅಳತೆಯೆಲ್ಲ ಡ್ರೋನ್‌ನಲ್ಲೇ, ಪೈಲಟ್ ಲೈಸೆನ್ಸಿಗೆ ಇಬ್ಬರನ್ನು ತರಬೇತಿಗೆ ಕಳಿಸಿ ಎಂದು ಮೇಲಿನಿಂದ ಆದೇಶ ಬಂತು. ಒಂದು ಜಾಗ ಸಾಹೇಬರ ಭಾವಮೈದುನನಿಗೆ ಹೋಯಿತು. ಇನ್ನೊಂದಕ್ಕೆ ಯಾರೂ ಬಾಯಿ ಬಿಡಲಿಲ್ಲ. ಈ ವಯಸ್ಸಿನಲ್ಲಿ ಪರೀಕ್ಷೆಗೆ ಕೂತು ನಗೆಪಾಟಲಾಗುವುದು ಯಾರಿಗೆ ಬೇಕು? ಕೋಲಕ್ಕ ಕೈ ಎತ್ತಿದಳು. ಅವಳಿಗೆ ನಿಂತೂ ನಿಂತೂ ಸಾಕಾಗಿತ್ತು.

ಗಂಡ ತೀರಿಕೊಂಡ ಮೇಲೆ ಮನೆಯಲ್ಲಿದ್ದವರು ಅವಳು ಮತ್ತು ಅತ್ತೆ, ಇಬ್ಬರೇ. ಸಂಜೆ ಅತ್ತೆ ಕನ್ನಡಕ ಏರಿಸಿ, ತರಬೇತಿಯ ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಪ್ರಶ್ನೆ ಕೇಳುತ್ತಿದ್ದರು.

“ಗಾಳಿ ಜೋರಾದ್ರೆ ಏನ್ ಮಾಡ್ತೀಯೇ?”

“ಕೆಳಗಿಳಿಸ್ತೀನಿ ಅತ್ತೆ.”

“ಇಷ್ಟು ಹೇಳೋಕೆ ಲೈಸೆನ್ಸ್ ಬೇಕಾ? ಮುಂದಿನದು ಕೇಳ್ತೀನಿ, ತಾಳು.”

ಪುಸ್ತಕ ಹೇಗೋ ತಲೆಗೆ ಹತ್ತಿತು. ಕಾಡಿದ್ದು ಮೈದಾನ. ಡ್ರೋನ್ ಬೆನ್ನು ತೋರಿಸಿ ಹೋಗುವಾಗ ಎಡಕ್ಕೆ ಒತ್ತಿದರೆ ಎಡಕ್ಕೇ ಹೋಗುತ್ತದೆ. ಅದೇ ಮೂತಿ ತಿರುಗಿಸಿ ನಮ್ಮ ಕಡೆ ಬರುವಾಗ ಎಡವೆಲ್ಲ ಬಲ, ಬಲವೆಲ್ಲ ಎಡ. ಮೊದಲ ವಾರ ಅವಳು ಎರಡು ಸಲ ಬೇಲಿಗೆ ಗುದ್ದಿದಳು. “ಕಣ್ಣಲ್ಲಿ ನೋಡಬೇಡಿ. ಅದರೊಳಗೆ ನೀವೇ ಕೂತಿದ್ದೀರಿ ಅಂದ್ಕೊಳ್ಳಿ,” ಎಂದರು ಮೇಷ್ಟ್ರು. ಮನೆಗೆ ಬಂದು ಬಾಚಣಿಗೆಯನ್ನೇ ಡ್ರೋನ್ ಮಾಡಿಕೊಂಡು, ಅಡುಗೆಮನೆಯಿಂದ ಬಾಗಿಲಿಗೆ, ಬಾಗಿಲಿನಿಂದ ಅಡುಗೆಮನೆಗೆ ಎಂಟರ ಆಕಾರದಲ್ಲಿ ಸುತ್ತಿದಳು. ಅತ್ತೆ ಕಾಲು ಮಡಚಿ ದಾರಿ ಬಿಟ್ಟರು.

ಪರೀಕ್ಷೆಯ ದಿನ ಅವಳ ಡ್ರೋನ್ ಗುರುತಿನ ಬಿಳಿ ಚೌಕದ ನಟ್ಟನಡುವೆ ಇಳಿಯಿತು. ಸಾಹೇಬರ ಭಾವಮೈದುನ ಆ ಸಲವೂ ಫೇಲ್, ಮರುಪರೀಕ್ಷೆಯಲ್ಲೂ ಫೇಲ್.

ಲೈಸೆನ್ಸ್ ಹಿಡಿದು ಬಂದವಳಿಗೆ ಸಾಹೇಬರು ಕುರ್ಚಿ ತೋರಿಸಿದರು. ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ.

“ನೋಡಮ್ಮ, ಸದ್ಯಕ್ಕೆ ನಮ್ಮ ಭಾವಮೈದುನ ಹಾರಿಸ್ಲಿ, ಕೈ ಪಳಗುತ್ತೆ. ಲೈಸೆನ್ಸ್ ಹೇಗೂ ನಿಂದಿದೆ, ಹಾರಿಸಿದ್ದು ನೀನೇ ಅಂತ ಹಾರಾಟದ ಪುಸ್ತಕಕ್ಕೆ ಸಹಿ ಹಾಕಿದ್ರಾಯ್ತು. ನೆಲದ ಗುರುತಿಗೆ ಕೋಲು ಹಿಡಿಯೋಕೂ ಒಬ್ಬರು ಬೇಕಲ್ಲ?”

ಅವಳು ಸಹಿ ಹಾಕಿದಳು. ಮೊದಲ ಸಲ ಪುಟವನ್ನು ಎರಡೆರಡು ಸಲ ಓದಿ ಹಾಕಿದಳು. ಆಮೇಲಾಮೇಲೆ ಓದುವುದನ್ನೂ ಬಿಟ್ಟಳು.

ಒಂದು ಮಧ್ಯಾಹ್ನ ಭಾವಮೈದುನ ಹಾರಿಸುತ್ತಿದ್ದಾಗ ಗಾಳಿ ಎದ್ದಿತು. “ಇಳಿಸಿಬಿಡಿ, ಗಾಳಿ ಜಾಸ್ತಿಯಾಯ್ತು,” ಎಂದು ಅವಳು ದೂರದಿಂದ ಕೂಗಿದಳು.

“ಕೋಲಕ್ಕಾ, ನೀವು ಕೋಲು ನೆಟ್ಟಗೆ ಹಿಡ್ಕೊಳ್ಳಿ, ಸಾಕು!”

ಡ್ರೋನ್ ಮೂತಿ ತಿರುಗಿಸಿ ಅವನ ಕಡೆ ಬರುತ್ತಿತ್ತು. ಮನೆಗಳ ಸಾಲಿನಿಂದ ದೂರ ಸರಿಸಲು ಅವನು ಎಡಕ್ಕೆ ಒತ್ತಿದ. ಅದು ನೇರ ಮನೆಗಳ ಮೇಲೇ ಹೋಯಿತು. ಗಾಬರಿಯಲ್ಲಿ ಇನ್ನೂ ಒತ್ತಿದ. ತಾರಸಿಯ ಮೇಲೆ ಹೊಲಿಯುತ್ತ ಕೂತಿದ್ದ ದರ್ಜಿ ಹೆಂಗಸೊಬ್ಬಳು ಮುಖಕ್ಕೆ ಅಡ್ಡ ಹಿಡಿದ ಬಲಗೈಗೆ ಅದು ಬಡಿಯಿತು. ಮೂರು ಬೆರಳು ಮುರಿದವು.

ವಿಚಾರಣೆಯ ಹಿಂದಿನ ದಿನ ಸಾಹೇಬರು ಅವಳ ಮನೆಗೇ ಬಂದರು. “ನಾನೇ ಹಾರಿಸ್ತಿದ್ದೆ, ಇದ್ದಕ್ಕಿದ್ದಂಗೆ ಗಾಳಿ ಬಂತು ಅನ್ನು. ಎಚ್ಚರಿಕೆ ಕೊಟ್ಟು ಬಿಡ್ತಾರೆ. ನಿಜ ಹೇಳಿದ್ರೆ ಸುಳ್ಳು ಸಹಿ ಹಾಕಿದ್ದು ನೀನೇ ಅಂತಾಗುತ್ತೆ. ಲೈಸೆನ್ಸ್ ಹೋಗುತ್ತೆ, ಯೋಚ್ನೆ ಮಾಡು.”

ಲೈಸೆನ್ಸ್ ಹೋಗುತ್ತದೆ ಎಂದು ಅವರು ಹೇಳಿದ್ದು ಸುಳ್ಳೇನೂ ಆಗಿರಲಿಲ್ಲ. ಮರುದಿನ ಅವಳು ಇದ್ದದ್ದನ್ನು ಇದ್ದಹಾಗೆ ಹೇಳಿದಳು, ಲೈಸೆನ್ಸ್ ರದ್ದಾಯಿತು. ಸಾಹೇಬರಿಗೆ ಒಂದು ಎಚ್ಚರಿಕೆಯ ಪತ್ರ. ಭಾವಮೈದುನ ಇನ್ನೂ ಕಲಿಯುತ್ತಿರುವವನೆಂದು ಬರೆದು ಬಿಟ್ಟುಬಿಟ್ಟರು. ನಾಲ್ಕು ತಿಂಗಳಲ್ಲಿ ಅವನು ಪರೀಕ್ಷೆ ಪಾಸು ಮಾಡಿ, ತನ್ನದೇ ಲೈಸೆನ್ಸಿನಲ್ಲಿ ಹಾರಿಸತೊಡಗಿದ. ಅವಳು ಕೋಲು ಹಿಡಿದು ನಿಂತಳು.

ಒಂದು ಭಾನುವಾರ ಅವಳು ಆ ದರ್ಜಿಯ ಮನೆ ಹುಡುಕಿಕೊಂಡು ಹೋದಳು. ಹೊಲಿಗೆ ಯಂತ್ರದ ಮೇಲೆ ಬಟ್ಟೆ ಹೊದಿಸಿತ್ತು.

“ಹಾರಿಸಿದ್ದು ನೀವೇನಾ?”

“ಅಲ್ಲ. ಸಹಿ ನಂದು.”

ದರ್ಜಿ ಅವಳನ್ನೇ ದಿಟ್ಟಿಸಿದಳು. “ಎಲ್ಲಾ ಹೇಳಿಬಿಟ್ರಂತೆ. ಮನಸ್ಸು ಹಗುರ ಆಯ್ತಾ?”

“ಇಲ್ಲ.”

“ನನ್ನ ಬೆರಳೂ ಮಡಚಲ್ಲ,” ಎಂದಳು ದರ್ಜಿ, ಬಾಗಿಲು ಹಾಕಿಕೊಳ್ಳುತ್ತ.